ಅಪ್ಪನ ರಿವಾಲ್ವರು

ಕ್ಯಾಂಪಿನ ಮಳೆಗೂ ರಿವಾಲ್ವರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ, ಸಂಬಂಧವಲ್ಲ, ಹಗೆತನವಿದೆಯೆಂದು ನಾನು ಧಾರಾಳವಾಗಿ ಹೇಳಬಲ್ಲೆ. ಬೆಳಗಾವಿಯ ದಂಡಿನ ಪ್ರದೇಶವಾದ ನಮ್ಮ ಈ ಕ್ಯಾಂಪಿನಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸಪ್ಟೆಂಬರ್ ಕಳೆಯುವವರೆಗೆ ಬಿಟ್ಟಿತೆಂದು ಹೇಳುವಂತಿಲ್ಲ. ಹಂಚಿನ ಹಳೆಯ ಮನೆಗಳ ಗೋಡೆ ಬೆವರುತ್ತದೆ. ಭರಣಿಯೊಳಗಿನ ಉಪ್ಪು ನೀರೊಡೆಯುತ್ತದೆ. ಕಪಾಟಿನಲ್ಲಿಯ ಬೂಟಿಗೂ ಪುಸ್ತಕದ ಬೆನ್ನಿಗೂ ಒಂದೇ ಬಗೆಯ ಬೂಷ್ಟು ಬೆಳೆಯುತ್ತದೆ. ಅಂಥ ಮನೆಯಲ್ಲಿ ನೀಲಿಗಪ್ಪು ಬಣ್ಣದ ಉಕ್ಕಿನ ಒಂದು ಚಿಕ್ಕ ರಿವಾಲ್ವರನ್ನು 52 ವರ್ಷಗಳವರೆಗೆ ತುಕ್ಕು ಹಿಡಿಯದಂತೆ ಕಾಯ್ದುಕೊಂಡು ಬಂದವರು ನಮ್ಮ ತಂದೆಯವರು. ನಳಿಗೆಯ ಮೇಲೆ ಒಂದೇ ಒಂದು ಸಾಸಿವೆ ಕಾಳಿನಷ್ಟು ಕಲೆ ಇದ್ದಿತು. ಅದರ ಕಥೆ ಮುಂದೆ ಬರುತ್ತದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ತಂಗಿಯ ಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ರಾತ್ರಿ ಹೊತ್ತು ಮೀರಿ ಒಬ್ಬಳೇ ಮನೆಗೆ ಬರುವ ಪಾಳಿ ಅವಳದು. ಮೊನ್ನೆ ರಜೆಯಲ್ಲಿ ಬಂದವಳು, ತೀರಿಹೋದ ತನ್ನ ಅಜ್ಜಿಯ ಟ್ರಂಕನ್ನು ತೆರೆದು ಸೀರೆಗಳನ್ನು ಬಿಸಿಲಿಗೆ ಹಾಕುತ್ತಿದ್ದಾಗ, ಒಂದು ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಚರ್ಮದ ಚೀಲ ಅವಳ ಕೈಗೆ ಸಿಕ್ಕಿತು. ರಿವಾಲ್ವರನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ. ಒಳಗೆ ಏನೂ ಇರಲಿಲ್ಲ.

"ಮಾಮಾ, ಅಜ್ಜನ ರಿವಾಲ್ವರನ್ನು ನೀವು ಸರಕಾರಕ್ಕೆ ಸುಮ್ಮನೆ ಕೊಟ್ಟುಬಿಟ್ಟಿರಂತೆ, ನಿಜವೇ? ಇದ್ದಿದ್ದರೆ ನಾನೇ ಇಟ್ಟುಕೊಳ್ಳುತ್ತಿದ್ದೆನಲ್ಲ!" ಎಂದಳು.

ಅವಳಿಗೆ ಅಂದು ಅರ್ಧ ಉತ್ತರ ಕೊಟ್ಟೆ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ಖಾನಾಪುರದ ಕಡೆಗೆ ಕಟ್ಟಿಗೆಯ ಗುತ್ತಿಗೆ ಹಿಡಿಯುತ್ತಿದ್ದರು. ಸಾಗವಾನಿ, ಮತ್ತಿ, ನಂದಿ ಮರಗಳ ಅಡವಿ ಅದು. ಕ್ಯಾಂಪಿನಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರು ದೂರ. ಅಲ್ಲಿಂದ ಮುಂದೆ ಲೋಂಡಾ ಒಂದು ಕಡೆಗೆ, ಜಾಂಬೋಟಿ, ಕಣಕುಂಬಿ ಇನ್ನೊಂದು ಕಡೆಗೆ. ವಾರಕ್ಕೊಮ್ಮೆ ಕೂಲಿಕಾರರ ಬಟವಡೆಯ ಹಣವನ್ನು ಬ್ಯಾಂಕಿನಿಂದ ತೆಗೆದುಕೊಂಡು ಅಡವಿಯೊಳಗೆ ಹೋಗಬೇಕಾಗುತ್ತಿತ್ತು. ಇವರಂತೆಯೇ ಹಣ ಒಯ್ಯುತ್ತಿದ್ದ ಮತ್ತೊಬ್ಬ ಗುತ್ತಿಗೆದಾರರನ್ನು ದಾರಿಯಲ್ಲಿ ತಡೆದು ಬಡಿದರೆಂಬ ಸುದ್ದಿ ಬಂದ ಮೇಲೆ, 1966ರಲ್ಲಿ ಅಪ್ಪ ಪರವಾನಗಿಗೆ ಅರ್ಜಿ ಹಾಕಿದರು.

1878ರ ಬ್ರಿಟಿಷರ ಕಾಯಿದೆ ಹೋಗಿ 1959ರ ಆಯುಧ ಕಾಯಿದೆ ಬಂದಿದ್ದಿತು. ಅದು ಜಾರಿಗೆ ಬಂದದ್ದು 1962ರ ಅಕ್ಟೋಬರಿನಲ್ಲಿ. ಪೊಲೀಸರ ವಿಚಾರಣೆ, ಜಿಲ್ಲಾಧಿಕಾರಿಗಳ ಕಚೇರಿ, ಫೋಟೋ ಅಂಟಿಸಿದ ಸಣ್ಣ ಪುಸ್ತಕ ಎಲ್ಲವೂ ಆಯಿತು. ಸೈನ್ಯ, ಪೊಲೀಸು ಬಳಸುವ .38, .455 ಮುಂತಾದ ಅಳತೆಗಳು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಆದ್ದರಿಂದ ನಮ್ಮ ದೇಶದಲ್ಲಿ ಗೃಹಸ್ಥನ ರಿವಾಲ್ವರೆಂದರೆ ಬಹುಮಟ್ಟಿಗೆ .32 ಅಳತೆಯದು. ಅಪ್ಪನಿಗೆ ದೊರೆತದ್ದು ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಹಳೆಯ ಮಾಲು: ಮೂರು ಅಂಗುಲದ ನಳಿಗೆ, ಆರು ಗೂಡುಗಳ ಉರುಳೆ, ನಡುವೆ ಮಡಚಿ ತೆರೆಯುವಂಥದು. ತೋಟಾ ತುಂಬಿದರೆ ಸುಮಾರು ಮುಕ್ಕಾಲು ಕಿಲೋ ಭಾರ.

ಮುಕ್ಕಾಲು ಕಿಲೋ ಎಂದರೇನು ಮಹಾ ಎನ್ನಬಹುದು. ಕೈಚೀಲದಲ್ಲಿ ಬದನೆಕಾಯಿ ತರುವವನಿಗೆ ಅದು ಏನೂ ಅಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಸೊಂಟದ ಒಂದೇ ಮಗ್ಗುಲಲ್ಲಿ ಜೋತುಬಿದ್ದ ಮುಕ್ಕಾಲು ಕಿಲೋ ಮನುಷ್ಯನ ನಡಿಗೆಯನ್ನೇ ಬದಲಿಸುತ್ತದೆ. ಅಪ್ಪನ ಪ್ಯಾಂಟು ಬಲಗಡೆಗೆ ಜಗ್ಗಲು ತೊಡಗಿತು. ಅವ್ವ ಸೊಂಟಪಟ್ಟಿಯ ಕುಣಿಕೆಗಳನ್ನು ಎರಡು ಪದರ ಮಾಡಿ ಹೊಲಿದಳು. ಆಯುಧ ಕಾಣಬಾರದೆಂದು ಅಂಗಿಯನ್ನು ಹೊರಗೆ ಬಿಟ್ಟು ಮೇಲೊಂದು ಕೋಟು. ವೈಶಾಖದ ಬಿಸಿಲಿನಲ್ಲಿಯೂ ಕೋಟು. ಮೀಟರ್ ಗೇಜಿನ ಗಾಡಿಯಲ್ಲಿ ಕುಳಿತರೆ ಬಲಮಗ್ಗುಲು ಕಿಟಕಿಗೆ ತಾಗುವಂತೆಯೇ ಕುಳಿತುಕೊಳ್ಳಬೇಕು; ಆ ಜಾಗ ಸಿಗದಿದ್ದರೆ ಖಾನಾಪುರದವರೆಗೆ ನಿಂತೇ ಹೋಗಬೇಕು. ಮದುವೆಮನೆಯಲ್ಲಿ ಪಂಕ್ತಿಗೆ ನೆಲದ ಮೇಲೆ ಕೂರುವಂತಿಲ್ಲ, ಕೋಟು ಮೇಲೇರುತ್ತದೆ. ನದಿಯಲ್ಲಿ ಮುಳುಗು ಹಾಕುವಂತಿಲ್ಲ. ದಂಡೆಯ ಮೇಲೆ ಅದನ್ನು ಯಾರ ಕೈಯಲ್ಲಿ ಕೊಟ್ಟು ನೀರಿಗಿಳಿಯುವುದು? ಗಾಡಿಯಲ್ಲಿ ತೂಕಡಿಸುವಂತಿಲ್ಲ. ಯಾರಾದರೂ ಸಲಿಗೆಯಿಂದ ಬೆನ್ನ ಮೇಲೆ ಕೈಹಾಕಿದರೆ ಅಪ್ಪ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಗೆಳೆಯರು ಇದನ್ನು ಶ್ರೀಮಂತಿಕೆಯ ಬಿಗುಮಾನವೆಂದು ತಿಳಿದರು.

ಅವ್ವನ ತವರುಮನೆ ಚಂದಗಡ ತಾಲೂಕಿನಲ್ಲಿ. ಬೆಳಗಾವಿಗೆ ಹೊಂದಿಕೊಂಡೇ ಇದ್ದರೂ ಅದು ಮಹಾರಾಷ್ಟ್ರ. ಅಪ್ಪನ ಪರವಾನಗಿ ಮೈಸೂರು ರಾಜ್ಯದ ಎಲ್ಲೆಯವರೆಗೆ ಮಾತ್ರ. ಆದ್ದರಿಂದ ಅತ್ತೆಯ ಮನೆಗೆ ಹೋಗುವಾಗ ರಿವಾಲ್ವರನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬರಿಗೈಯಲ್ಲಿ ಹೋಗುತ್ತಿದ್ದರು. ಅಲ್ಲಿಗೆ ಹೋದರೆ ಸಾಕು, ಊಟವಾದ ಕೂಡಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದರು.

"ಇವರಿಗೆ ನಿದ್ದಿ ಬರೂದು ನನ್ನ ತವರಮನ್ಯಾಗ ಒಂದ ನೋಡ್ರಿ," ಎಂದು ಅವ್ವ ಹೆಮ್ಮೆಯಿಂದ ಎಲ್ಲರೊಡನೆ ಹೇಳಿಕೊಳ್ಳುತ್ತಿದ್ದಳು. ಅದರ ಪುಣ್ಯ ತನ್ನ ತಾಯಿಯ ಅಡಿಗೆಗೆ ಸಲ್ಲತಕ್ಕದ್ದೆಂದು ಅವಳ ನಂಬಿಕೆ.

ಇನ್ನು ಆ ಕಲೆಯ ಕಥೆ.

1968ರ ಖಂಡೇನವಮಿಯ ದಿನ. ನನಗೆ ಆಗ ಹನ್ನೆರಡು ವರ್ಷ, ತಂಗಿಗೆ ನಾಲ್ಕು. ನಮ್ಮ ಮನೆಯಲ್ಲಿ ಕೊಡಲಿ, ಈಳಿಗೆ, ಹೊಲಿಗೆಯ ಯಂತ್ರ ಇವುಗಳ ಸಾಲಿನಲ್ಲಿ ರಿವಾಲ್ವರಿಗೂ ಪೂಜೆ. ಮುಹೂರ್ತ ಮೀರುತ್ತಿದೆಯೆಂಬ ಗಡಿಬಿಡಿಯಲ್ಲಿ ಅಪ್ಪ ಅದನ್ನು ಮಡಚಿ ತೋಟಾಗಳನ್ನು ಹಿತ್ತಾಳೆಯ ಹರಿವಾಣಕ್ಕೆ ಸುರುವಿ, ಮತ್ತೆ ಮುಚ್ಚಿ, ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದರು. ಚೆಂಡುಹೂವು ಏರಿಸಿದರು. ತೋಟಾಗಳನ್ನು ಒಪ್ಪವಾಗಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ನಾನು ಅವನ್ನು ಸೈನಿಕರಂತೆ ಸಾಲಾಗಿ ನಿಲ್ಲಿಸಿದೆ. ಬಳಿಕ ಅವ್ವ ಆರತಿ ತರಲು ಒಳಗೆ ಹೋದಳು, ಅಪ್ಪ ಕಾಯಿ ಒಡೆಯಲು ಅಂಗಳಕ್ಕೆ ಹೋದರು.

"ಅಪ್ಪಾ, ಐದ ಅದಾವಲ್ಲ," ಎಂದೆ.

"ಏನು ಐದು?"

"ತೋಟಾ."

ಅಂಗಳದಲ್ಲಿ ಕಾಯಿ ಕೆಳಗೆ ಬಿದ್ದ ಸಪ್ಪಳ ಕೇಳಿಸಿತು. ಅಪ್ಪ ಓಡಿ ಬಂದಾಗ ತಂಗಿ ರಿವಾಲ್ವರನ್ನು ಎರಡೂ ಕೈಗಳಿಂದ ತೊಡೆಯ ಮೇಲೆ ಎಳೆದುಕೊಂಡು, ನಳಿಗೆಯ ಬಾಯಿಯಲ್ಲಿ ಚೆಂಡುಹೂವಿನ ಎಸಳನ್ನು ತುರುಕುತ್ತಿದ್ದಳು. ಅಪ್ಪ ಗದರಲಿಲ್ಲ, ಕೂಗಲಿಲ್ಲ. ಮೆಲ್ಲನೆ ಅವಳ ಹಿಂದೆ ಬಂದು ಮೊಣಕಾಲೂರಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ತೆರೆದು ನೋಡಿದರೆ ಆರನೆಯ ತೋಟಾ ತನ್ನ ಗೂಡಿನಲ್ಲಿಯೇ ಕುಳಿತಿದ್ದಿತು.

ಆಗಿದ್ದುದು ಇಷ್ಟು. ಆ ಇಡೀ ಮಳೆಗಾಲ ರಿವಾಲ್ವರು ತೋಟಾ ಸಮೇತ ಚರ್ಮದ ಚೀಲದಲ್ಲಿಯೇ ಇದ್ದಿತು. ಚರ್ಮ ಹದ ಮಾಡುವಾಗಿನ ಹುಳಿ ಮತ್ತು ಮಳೆಯ ತೇವ ಕೂಡಿದರೆ ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ. ಹಾಗೆ ಕಿಲುಬು ಹಿಡಿದ ಒಂದು ತೋಟಾ ಗೂಡಿಗೆ ಕಚ್ಚಿಕೊಂಡಿದ್ದಿತು. ಈ ಬಗೆಯ ರಿವಾಲ್ವರನ್ನು ಮಡಚಿದಾಗ ನಡುವಿನ ನಕ್ಷತ್ರದಂಥ ತುಣುಕು ಮೇಲೆದ್ದು ಎಲ್ಲ ತೋಟಾಗಳನ್ನೂ ಎತ್ತಿ ಹಾಕುತ್ತದೆ. ಹಾರಿಸಿದ ಖಾಲಿ ಕೊಳವೆ ಗಿಡ್ಡವಾದ್ದರಿಂದ ಪೂರ್ತಿ ಹೊರಬೀಳುತ್ತದೆ. ಹಾರಿಸದ ತೋಟಾ ಉದ್ದ, ಪೂರ್ತಿ ಏಳುವುದಿಲ್ಲ, ಬೋರಲು ಹಾಕಿ ಸುರುವಬೇಕು. ಐದು ಬಿದ್ದವು, ಕಚ್ಚಿಕೊಂಡದ್ದು ಮತ್ತೆ ಒಳಗೆ ಜಾರಿತು. ಮುಹೂರ್ತದ ಗಡಿಬಿಡಿಯಲ್ಲಿ ಅಪ್ಪ ಎಣಿಸಲಿಲ್ಲ.

ಅಂದು ಆರತಿಯಾಗಲಿಲ್ಲ. ಕುಂಕುಮವನ್ನು ಒರೆಸುವ ನೆನಪೂ ಯಾರಿಗೂ ಆಗಲಿಲ್ಲ. ಎರಡು ದಿನ ಒದ್ದೆ ಕುಂಕುಮ ಹಾಗೆಯೇ ಇದ್ದು ನಳಿಗೆಯ ಮೇಲೆ ಸಾಸಿವೆ ಕಾಳಿನಷ್ಟು ತುಕ್ಕು ತಿಂದಿತು. ಆಮೇಲೆ ಅದನ್ನು ಉಜ್ಜಿ ತೆಗೆಯಬಹುದಾಗಿತ್ತು; ಅಪ್ಪ ತೆಗೆಯಲಿಲ್ಲ. ಇನ್ನಷ್ಟು ಬೆಳೆಯದಂತೆ ಎಣ್ಣೆ ಹಚ್ಚಿ ಉಳಿಸಿಕೊಂಡರು.

ಮೂರನೆಯ ದಿನ ಅವರು ನಮ್ಮ ಓಣಿಯಲ್ಲಿದ್ದ ನಿವೃತ್ತ ಸುಭೇದಾರರನ್ನು ಕರೆದುಕೊಂಡು ಬಂದರು. ಕ್ಯಾಂಪಿನಲ್ಲಿ ಇಂಥವರಿಗೆ ಕೊರತೆಯಿಲ್ಲ. 1922ರಿಂದ ಮರಾಠಾ ಪದಾತಿದಳದ ಕೇಂದ್ರ ಇಲ್ಲಿದೆ. ಬೆಳಗಿನ ತುತ್ತೂರಿಯ ಧ್ವನಿಗೆ ನಮ್ಮ ಮನೆಗಳ ಹಾಲು ಕಾಯುತ್ತದೆ. ಸುಭೇದಾರರು ಎಲ್ಲವನ್ನೂ ಕೇಳಿ, ಮರಾಠಿ ಬೆರೆಸಿದ ಕನ್ನಡದಲ್ಲಿ ನಿಧಾನವಾಗಿ ಹೇಳಿದರು:

"ನಾಕ ವರ್ಷದ ಕೂಸಿನ ಬೆರಳಿಗೆ ಆ ಕುದರಿ ಬಗ್ಗೂದಿಲ್ಲ, ಸಾಹೇಬ. ಭಾಳ ಬಿಗಿ ಇರತದ. ಆದರ ಅದರ ಮ್ಯಾಲ ಭರವಸಾ ಇಟಗೊಂಡು ಮನಿ ನಡಸಲಿಕ್ಕೆ ಬರೂದಿಲ್ಲ."

ಅಂದಿನಿಂದ ಪ್ರತಿ ರವಿವಾರ ಬೆಳಿಗ್ಗೆ ಒಂದು ತಾಸು ನಮ್ಮ ಮನೆಯಲ್ಲಿ ರಿವಾಲ್ವರಿನ ಪಾಠ ನಡೆಯಿತು. ಪಾಠ ಅಪ್ಪನಿಗೆ, ಆದರೆ ಬಾಗಿಲಲ್ಲಿ ನಿಂತ ನನಗೂ ಅದು ಬಾಯಿಪಾಠವಾಯಿತು. ಮೊದಲು ಕಿಟಕಿಯಿಲ್ಲದ ಗೋಡೆಯ ಕಡೆಗೆ ಮುಖಮಾಡಿ ಕೂರಬೇಕು. ತೆರೆಯಬೇಕು, ಸುರುವಬೇಕು, ಎಣಿಸಬೇಕು. ಎಣಿಸಿದ ಮೇಲೆ ಆರು ಗೂಡುಗಳಲ್ಲಿಯೂ ಕಣ್ಣು ಹಾಯಿಸಬೇಕು. ಕಣ್ಣು ಹಾಯಿಸಿದ ಮೇಲೆ ಕಿರುಬೆರಳನ್ನು ಒಂದೊಂದು ಗೂಡಿನಲ್ಲಿಯೂ ಹಾಕಿ ನೋಡಬೇಕು. "ಕಣ್ಣು ಸುಳ್ಳ ಹೇಳತದ, ಬೆರಳು ಹೇಳೂದಿಲ್ಲ" ಎಂದು ಸುಭೇದಾರರ ಮಾತು. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ತರುವಾಯವೇ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆಯಬೇಕು.

ಎಣ್ಣೆಯ ವಿಷಯದಲ್ಲಿ ಅಪ್ಪನ ಅಜ್ಞಾನ ಸುಭೇದಾರರಿಗೆ ನಗು ತಂದಿತು. ಅಷ್ಟು ದಿನ ಅವರು ಹಚ್ಚುತ್ತಿದ್ದುದು ಕೊಬ್ಬರಿ ಎಣ್ಣೆ! ಬೆಳಗಾವಿಯ ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲಿಯೇ ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಉರುಳೆಯ ಸಂದಿಯಲ್ಲಿ ಅದು ಸುಮ್ಮನಿರುವುದೇ? ಡಿಸೆಂಬರಿನಲ್ಲಿ ರಿವಾಲ್ವರು ಹುಳಿತ ಗಿರಣಿಯಂತೆ ತಿರುಗಲು ಅದೇ ಕಾರಣವೆಂದು ತಿಳಿಯಿತು. ಅವ್ವನ ಹೊಲಿಗೆ ಯಂತ್ರದ ತೆಳು ಎಣ್ಣೆ ಆ ಕೆಲಸಕ್ಕೆ ಬಡ್ತಿ ಪಡೆಯಿತು. ಅದೂ ಹೆಚ್ಚಾಗಬಾರದು. ಬಟ್ಟೆಗೆ ಎರಡು ಹನಿ ಹಾಕಿ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿದ ಮೇಲೆ ಏನೂ ಇಲ್ಲವೆಂಬಂತೆ ಉಳಿಯುವಷ್ಟು ಸಾಕು. ಎಣ್ಣೆ ಸುರಿದರೆ ಅದು ತೋಟಾದ ಬುಡದೊಳಗೆ ಇಳಿದು ಮದ್ದನ್ನು ಕೊಲ್ಲುತ್ತದೆ; ಬೇಕಾದಾಗ 'ಟಕ್' ಎಂದು ಸುಮ್ಮನಾಗುತ್ತದೆ. ಹಾರಿಸಿದ ದಿನವಾದರೆ ನಳಿಗೆಯಲ್ಲಿ ಕುದಿನೀರು ಹೊಯ್ಯಬೇಕು. ಹಳೆಯ ತೋಟಾಗಳ ಬುಡದ ಮದ್ದು ಉರಿದ ಮೇಲೆ ಉಪ್ಪಿನಂಥ ಕಸ ಉಳಿಯುತ್ತಿತ್ತು, ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಕುದಿನೀರೇ ಏಕೆಂದರೆ, ಉಕ್ಕು ಕಾದು ತಾನಾಗಿಯೇ ಒಣಗಲೆಂದು. ಕೊನೆಗೆ ಬರಿಗೈಯಿಂದ ಮುಟ್ಟಬಾರದು. ಬೆರಳಿನ ಬೆವರಿನಲ್ಲಿಯೂ ಉಪ್ಪಿದೆ; ಇಂದು ಮುಟ್ಟಿದ ಗುರುತು ಎಂಟು ದಿನಕ್ಕೆ ತುಕ್ಕಾಗಿ ಮೂಡುತ್ತದೆ.

ಇನ್ನು ಚರ್ಮದ ಚೀಲ ಹೊರುವುದಕ್ಕೆ ಮಾತ್ರ. ಮನೆಗೆ ಬಂದ ಕೂಡಲೆ ರಿವಾಲ್ವರು ಅದರಿಂದ ಹೊರಗೆ. ರಾತ್ರಿ ಅದರ ಜಾಗ ಬೀಗದ ಪೆಟ್ಟಿಗೆ, ತೋಟಾಗಳ ಜಾಗ ಇನ್ನೊಂದು ಬೀಗದ ಪೆಟ್ಟಿಗೆ. ಹೊರುವಾಗಲೂ ಆರು ಗೂಡುಗಳಲ್ಲಿ ಐದಕ್ಕೆ ಮಾತ್ರ ತೋಟಾ. ಹೊಡೆಯುವ ಸುತ್ತಿಗೆಯ ಕೆಳಗಿನ ಗೂಡು ಖಾಲಿ. ಕೈಜಾರಿ ಸುತ್ತಿಗೆ ಕೆಳಗಾಗಿ ನೆಲಕ್ಕೆ ಬಿದ್ದರೂ ಅನರ್ಥವಾಗಬಾರದಲ್ಲ. ಎರಡು ಬೀಗದ ಕೈಗಳೂ ಅಪ್ಪನ ಜನಿವಾರಕ್ಕೆ ಸೇರಿದವು. ಅವ್ವ ನಕ್ಕಳು: "ಲಕ್ಷ್ಮೀ ಕೈ ನನ್ನ ಹಂತ್ಯಾಕ, ಯಮನ ಕೈ ಇವರ ಹಂತ್ಯಾಕ."

ಇಷ್ಟು ಅಚ್ಚುಕಟ್ಟಿನ ಮನುಷ್ಯರು ಒಂದು ವಿಷಯದಲ್ಲಿ ಮಾತ್ರ ಮೊಂಡುತನ ಮಾಡಿದರೆಂಬುದು ನನಗೆ ಬಹಳ ವರ್ಷ ಸೋಜಿಗವಾಗಿದ್ದಿತು. ಚರ್ಮದ ಚೀಲದ ಬಾಯಿಗೆ ಒಂದು ಪಟ್ಟಿ, ಪಟ್ಟಿಯ ಸೀಳಿಗೆ ಸಿಕ್ಕುವ ಒಂದು ಹಿತ್ತಾಳೆಯ ಗುಂಡಿ. ಮಳೆಯಲ್ಲಿ ನೆನೆದು, ಒಣಗಿ, ಮತ್ತೆ ನೆನೆದು ಆ ಚರ್ಮ ಸೆಟೆದು ಹೋಗಿ, ಗುಂಡಿಗೆ ಕಿಲುಬು ಹಿಡಿದು, ಅದನ್ನು ಬಿಡಿಸಬೇಕಾದರೆ ಎರಡೂ ಹೆಬ್ಬೆರಳು ಬೇಕಾಗುತ್ತಿದ್ದವು. ಸುಭೇದಾರರು ಅದನ್ನು ಕಂಡಾಗಲೆಲ್ಲ ಅಸಮಾಧಾನ ಪಡುತ್ತಿದ್ದರು.

"ಈ ಗುಂಡಿ ಬದಲ ಮಾಡ್ರಿ ಸಾಹೇಬ. ಎಂಟಾಣೆ ಕೆಲಸ. ವ್ಯಾಳ್ಯಾಕ ಕೈಯಾಗ ಬರೂದಿಲ್ಲ."

"ಇರಲಿ ಬಿಡ್ರಿ," ಎನ್ನುತ್ತಿದ್ದರು ಅಪ್ಪ. ಅಷ್ಟೇ. ಅದಕ್ಕೆ ಎಣ್ಣೆಯನ್ನೂ ಮುಟ್ಟಿಸಲಿಲ್ಲ.

ವರ್ಷಗಳು ಕಳೆದವು. 1980ರ ಅರಣ್ಯ ಸಂರಕ್ಷಣೆಯ ಕಾಯಿದೆಯ ತರುವಾಯ ಕಟ್ಟಿಗೆಯ ಧಂಧೆ ಮೊದಲಿನಂತೆ ಉಳಿಯಲಿಲ್ಲ. ಅಪ್ಪ ಅದನ್ನು ಬಿಟ್ಟು ಪೇಟೆಯಲ್ಲಿ ಸಣ್ಣ ಅಂಗಡಿ ಹಾಕಿದರು. ಬಟವಡೆಯ ಹಣವಿಲ್ಲ, ಅಡವಿಯಿಲ್ಲ. ಆದರೂ ಮೂರು ವರ್ಷಕ್ಕೊಮ್ಮೆ ಪರವಾನಗಿಯ ನವೀಕರಣ ತಪ್ಪಲಿಲ್ಲ. ಚುನಾವಣೆಗಳು ಬಂದಾಗ ಆಯುಧವನ್ನು ಠಾಣೆಯಲ್ಲಿ ಒಪ್ಪಿಸುವ ಪದ್ಧತಿ ಬಂದ ಮೇಲೆ, ಅದಕ್ಕೆ ದಪ್ಪವಾಗಿ ಎಣ್ಣೆ ಬಳಿದು, ರಸೀತಿ ತೆಗೆದುಕೊಂಡು ಬಂದು, ಆ ಆರು ವಾರ ಹಾಯಾಗಿ ಮಲಗುತ್ತಿದ್ದರು. ಆಗ ನನಗೆ ಅಜ್ಜಿಯ ಅಡಿಗೆಯ ಬಗ್ಗೆ ಸಂಶಯ ಬಂದಿತು.

2016ರಲ್ಲಿ ಹೊಸ ಆಯುಧ ನಿಯಮಗಳು ಬಂದವು. ಎಪ್ಪತ್ತು ವರ್ಷ ತುಂಬಿದ ಇಲ್ಲವೆ ಇಪ್ಪತ್ತೈದು ವರ್ಷ ಆಯುಧ ಇಟ್ಟುಕೊಂಡ ಪರವಾನಗಿದಾರನು ಅದನ್ನು ತನ್ನ ವಾರಸುದಾರನಿಗೆ ಕೊಡಲು ಅರ್ಜಿ ಹಾಕಬಹುದು ಎಂಬುದು ಅವುಗಳಲ್ಲಿ ಒಂದು. ಅಪ್ಪನಿಗೆ ಆಗ ಎಂಬತ್ತಾರು. ನನಗೇ ಅರುವತ್ತು! ಅದನ್ನು ಪತ್ರಿಕೆಯಲ್ಲಿ ಓದಿದ ದಿನ ರಾತ್ರಿ ಅವರು ನನ್ನನ್ನು ಕರೆದು ಕೂರಿಸಿಕೊಂಡರು. ಹೊರಗೆ ಮಳೆ ಹೊಯ್ಯುತ್ತಿದ್ದಿತು.

"ನೀ ತಗೊಳ್ಳತೀಯೇನು?"

"ನೀವು ಹೇಳಿದರ ತಗೊಳ್ಳತೇನಿ," ಎಂದೆ. ನಿಜ ಹೇಳಬೇಕೆಂದರೆ ನನಗೆ ಆಸೆಯಿದ್ದಿತು. ಹನ್ನೆರಡನೆಯ ವರ್ಷದಿಂದ ಬಾಗಿಲಲ್ಲಿ ನಿಂತು ನೋಡಿದ ವಸ್ತು ಅದು.

"ಮದಲ ಒಂದು ಮಾತು ಕೇಳು," ಎಂದು ಅವರು ಹೇಳಿದ್ದನ್ನು ಸಂಕ್ಷೇಪವಾಗಿ ಬರೆಯುತ್ತೇನೆ.

1974ರ ಶ್ರಾವಣ. ಜಾಂಬೋಟಿಯ ಆಚೆಗೆ, ಕಣಕುಂಬಿಯ ದಾರಿಯಲ್ಲಿ, ರಾತ್ರಿ ಎಂಟು ಹೊಡೆದಿರಬಹುದು. ಖಾನಾಪುರದ ಮಳೆ ಬೆಳಗಾವಿಯದಕ್ಕಿಂತ ಹೆಚ್ಚು; ಕಣಕುಂಬಿಯ ಮಳೆಗೆ ಲೆಕ್ಕವೇ ಇಲ್ಲ. ಅಪ್ಪ ಲಾರಿಯಲ್ಲಿ ಚಾಲಕನ ಪಕ್ಕದಲ್ಲಿ ಕುಳಿತಿದ್ದರು, ಕಾಲಿನ ಹತ್ತಿರ ಬಟವಡೆಯ ಚೀಲ. ತಿರುವಿನಲ್ಲಿ ಒಂದು ಮರ ಅಡ್ಡ ಬಿದ್ದಿದ್ದಿತು. ಲಾರಿ ನಿಂತಿತು. ಕಂಬಳಿಯ ಕೊಪ್ಪೆ ಹೊದ್ದ ನಾಲ್ವರು ಕತ್ತಲೆಯಿಂದ ಹೊರಬಂದರು. ಕೈಯಲ್ಲಿ ಕೊಡಲಿ, ಕೊಯ್ತಾ. ಒಬ್ಬನು ಓಡುತ್ತ ಬಂದು ಅಪ್ಪನ ಬದಿಯ ಬಾಗಿಲನ್ನು ಜಗ್ಗಿ, ಕೊಯ್ತಾ ಹಿಡಿದ ಕೈಯನ್ನೇ ಒಳಗೆ ಚಾಚಿದನು.

ಅಪ್ಪನ ಕೈ ಸೊಂಟಕ್ಕೆ ಹೋಯಿತು. ಮೊದಲೇ ನಿಶ್ಚಯಿಸಿಬಿಟ್ಟಿದ್ದರಂತೆ: ತೆಗೆಯುವುದು, ಎದೆಗೆ ಹಿಡಿಯುವುದು, ಹಾರಿಸುವುದು. ಎಂಟು ವರ್ಷ ಪ್ರತಿದಿನವೂ ಮನಸ್ಸಿನಲ್ಲಿ ನೂರು ಸಲ ಮಾಡಿದ್ದ ಕೆಲಸ. ರಿವಾಲ್ವರು ನಿರ್ಮಲವಾಗಿದ್ದಿತು, ತೋಟಾಗಳು ಹೊಸವು, ಕುದುರೆ ಬೆಣ್ಣೆಯಂತೆ. ಗುಂಡಿ ಬಿಚ್ಚಲಿಲ್ಲ. ನೆನೆದ ಚರ್ಮ ಉಬ್ಬಿ ಗುಂಡಿಯನ್ನು ಕಚ್ಚಿ ಹಿಡಿದಿದ್ದಿತು. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂದಿತು. ಒಂದು ಸಲ, ಎರಡು ಸಲ, ಮೂರನೆಯ ಸಲ.

ಅಷ್ಟರಲ್ಲಿ ಆ ಮನುಷ್ಯನ ಮಾತು ಅಪ್ಪನ ಕಿವಿಯನ್ನು ಮುಟ್ಟಿತು. ಅವನು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದನಂತೆ. ಮಗನಿಗೆ ಹಾವು ಕಚ್ಚಿದೆ. ಜೋಳಿಗೆ ಕಟ್ಟಿ ಹೊತ್ತು ತಂದಿದ್ದಾರೆ. ಮರ ಬಿದ್ದದ್ದರಿಂದ ಯಾವ ವಾಹನವೂ ಬರಲಾರದೆಂದು ಕಡಿದು ದಾರಿ ಮಾಡುತ್ತಿದ್ದಾರೆ.

ಐವರೂ ಕೂಡಿ ಮರ ಸರಿಸಿದರು. ಲಾರಿಯನ್ನು ತಿರುಗಿಸಿ ಹುಡುಗನನ್ನು ಖಾನಾಪುರಕ್ಕೆ ತಂದರು. ಅಪ್ಪ ಬೆಳಗಿನವರೆಗೆ ಅಲ್ಲಿಯೇ ಕುಳಿತಿದ್ದರು. "ಬದುಕಿದ," ಎಂದಷ್ಟೇ ಹೇಳಿದರು. ಹುಡುಗನ ತಂದೆ ಅವರ ಕಾಲಿಗೆ ಬಿದ್ದನಂತೆ. ಅಪ್ಪನ ಕೈಯಲ್ಲಿಯ ರಕ್ತ ಕಂಡು, ಮರ ಎತ್ತುವಾಗ ತಾಗಿತೆಂದು ತಿಳಿದು, ತನ್ನ ಪಟಗದ ಅಂಚನ್ನು ಹರಿದು ಕಟ್ಟಿದನಂತೆ.

"ಹಂಗಾದರ ಆಗಲೇ ಯಾಕ ಒಪ್ಪಿಸಿಬಿಡಲಿಲ್ಲ, ಅಪ್ಪಾ?"

"ಯಾಕ ಕೊಡತೀರಿ ಅಂತ ಕೇಳತಿದ್ದರು. ಹೇಳಬೇಕಾಗತಿತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ, ನಾಳೆ ಖರೇನ ಕಳ್ಳರು ಬಂದರ ಅಂತ ಅಂಜಿಕಿನೂ ಇತ್ತು. ಎರಡೂ ಇತ್ತು," ಎಂದರು.

ಅಂದು ಅವರು ನನ್ನ ಉತ್ತರವನ್ನು ಮತ್ತೆ ಕೇಳಲಿಲ್ಲ. ನಾನೂ ಅರ್ಜಿಯನ್ನು ತರಲಿಲ್ಲ.

2018ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಪರವಾನಗಿದಾರನು ತೀರಿದ ಮೇಲೆ ಆಯುಧವನ್ನು ತಡಮಾಡದೆ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಇಡಬೇಕೆಂದು ಕಾಯಿದೆಯಿದೆ. ಮುಂದಿನ ವಿಚಾರ ಆಮೇಲೆ. ಪರಿಚಯದ ಒಬ್ಬ ವ್ಯಾಪಾರಿ ಲಕ್ಷಗಳಲ್ಲಿ ಬೆಲೆ ಹೇಳಿದರು. 1980ರ ದಶಕದ ನಡುವೆ ವಿದೇಶೀ ಆಯುಧಗಳ ಆಮದು ನಿಂತ ಮೇಲೆ ಹಳೆಯ ಇಂಗ್ಲಿಷ್ ರಿವಾಲ್ವರುಗಳಿಗೆ ಬಂಗಾರದ ಬೆಲೆ ಬಂದಿದೆ. ಮನೆಯ ಮಾಡು ಸೋರುತ್ತಿದ್ದಿತು. ಹಣದ ಅವಶ್ಯಕತೆ ಇರಲಿಲ್ಲವೆಂದು ನಾನು ಹೇಳಲಾರೆ. ತಂಗಿಯನ್ನು ಕೇಳಿದೆ. ಅವಳು ಚೆಂಡುಹೂವಿನ ಸಂಗತಿಯನ್ನು ತಾನು ಮರೆತಿಲ್ಲವೆಂದಳು; ನಾಲ್ಕು ವರ್ಷದವಳಿಗೆ ನೆನಪು ಹೇಗೆಂದು ನಾನು ಕೇಳಲಿಲ್ಲ. ಅವ್ವನನ್ನು ಕೇಳಿದೆ.

"ಮಾರಿದರ ಮತ್ತೊಬ್ಬರ ಸೊಂಟಕ್ಕ ಹೋಗತದ," ಎಂದಳು ಅವ್ವ. "ಅವರಿಗೂ ನಿದ್ದಿ ಬ್ಯಾಡೇನು?"

ಬೆಲೆಯಿಲ್ಲದೆ ಸರಕಾರಕ್ಕೆ ಒಪ್ಪಿಸಿದೆವು.

ತಂಗಿಯ ಮಗಳಿಗೆ ನಾನು ಹೇಳಿದ ಅರ್ಧ ಉತ್ತರದಲ್ಲಿ ಇದು ಯಾವುದೂ ಇರಲಿಲ್ಲ. ಅವಳು ಕೇಳಿದ್ದು ಈ ಕಾಲದ ಮಾತು. 2014ರಲ್ಲಿ ಕಾನಪುರದ ಸರಕಾರೀ ಕಾರಖಾನೆಯವರು ಹೆಂಗಸರಿಗಾಗಿಯೇ 'ನಿರ್ಭೀಕ್' ಎಂಬ .32 ರಿವಾಲ್ವರು ತಂದರಲ್ಲ, ಟೈಟಾನಿಯಂ ಮಿಶ್ರಲೋಹದ್ದು, ಅರ್ಧ ಕಿಲೋ ಭಾರ, ಆಭರಣದಂಥ ಪೆಟ್ಟಿಗೆ, ಬೆಲೆ ಆಗಲೇ ಒಂದು ಲಕ್ಷ ಇಪ್ಪತ್ತೆರಡು ಸಾವಿರ. 2012ರ ದಿಲ್ಲಿಯ ಆ ಘೋರ ಪ್ರಸಂಗದ ನೆನಪಿನ ಹೆಸರು ಅದು. ಅಂಥದೊಂದು ತನಗೂ ಏಕೆ ಬೇಡವೆಂದು ಅವಳ ಪ್ರಶ್ನೆ. ಬೇಡವೆನ್ನಲು ನಾನು ಯಾರು? ರಾತ್ರಿ ಒಬ್ಬಳೇ ಬರುವವಳು ಅವಳು, ನಾನಲ್ಲ. ನಾನು ಮಾಡಬೇಕಾದುದನ್ನಷ್ಟೇ ಹೇಳಿದೆ. ತರಬೇತಿಯ ಪ್ರಮಾಣಪತ್ರ ಬೇಕು. ಮನೆಯಲ್ಲಿ ಭದ್ರವಾದ ಬೀಗದ ಪೆಟ್ಟಿಗೆ ಬೇಕು. ಹೊರಗೆ ಒಯ್ಯುವಾಗ ಅದು ಚೀಲದಲ್ಲಿದ್ದು ಪೂರ್ತಿ ಮುಚ್ಚಿರಬೇಕು, ಸದಾ ನಿನ್ನ ಕೈಯಳತೆಯಲ್ಲಿರಬೇಕು. ಮದುವೆಯಲ್ಲಿ ಮೋಜಿಗಾಗಿ ಹಾರಿಸಿದರೂ 2019ರ ತಿದ್ದುಪಡಿಯ ಪ್ರಕಾರ ಸೆರೆಮನೆ ಆಗಬಹುದು. ಆತ್ಮರಕ್ಷಣೆಗಾಗಿ ಕಾನೂನು ಒಪ್ಪುವುದು ಅವಶ್ಯವಿದ್ದಷ್ಟು ಹಾನಿಯನ್ನು ಮಾತ್ರ. ಎಷ್ಟು ಅವಶ್ಯವೆಂಬುದನ್ನು ಕತ್ತಲೆಯಲ್ಲಿ, ಒಂದು ಉಸಿರಿನಲ್ಲಿ, ನೀನೇ ತೀರ್ಮಾನಿಸಬೇಕು. ಮತ್ತು ಪ್ರತಿ ರವಿವಾರ ಒಂದು ತಾಸು, ಬದುಕಿರುವವರೆಗೆ.

"ಇದಕ್ಕಿಂತ ಒಂದು ನಾಯಿ ಸಾಕುವುದು ಸುಲಭ, ಮಾಮಾ," ಎಂದು ನಕ್ಕಳು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಒಪ್ಪಿಸಿದ ದಿನದ ಒಂದು ಸಂಗತಿ ಉಳಿದಿದೆ. ಅಂದು ಬೆಳಿಗ್ಗೆ ನಾನೇ ಅದನ್ನು ಕೊನೆಯ ಸಲ ಒರೆಸಿದೆ. ತೆರೆದೆ, ಎಣಿಸಿದೆ, ನೋಡಿದೆ, ಆರು ಗೂಡುಗಳಲ್ಲಿಯೂ ಕಿರುಬೆರಳು ಹಾಕಿದೆ. ಠಾಣೆಯಲ್ಲಿ ರಿವಾಲ್ವರು, ತೋಟಾ, ಪರವಾನಗಿಯ ಪುಸ್ತಕ ತೆಗೆದುಕೊಂಡು ರಸೀತಿ ಬರೆದು, ಚರ್ಮದ ಚೀಲ ಪರವಾನಗಿಯಲ್ಲಿ ನಮೂದಾಗಿಲ್ಲವೆಂದು ಮರಳಿ ಕೊಟ್ಟರು. ಮನೆಗೆ ಬಂದು ಅದನ್ನು ಕಸದ ಬುಟ್ಟಿಗೆ ಹಾಕಲು ಹೋದೆ. ಅವ್ವ ಕೈಚಾಚಿ ಇಸಿದುಕೊಂಡಳು. ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದಳು.

"ಇನ್ನೂ ಬಿಗಿ ಅದ," ಎಂದಳು.

ಅವಳಿಗೆ ಎಲ್ಲವೂ ಗೊತ್ತಿದ್ದಿತೆಂದು ನನಗೆ ತಿಳಿದದ್ದು ಆಗಲೇ. ಎಂದಿನಿಂದ ಗೊತ್ತಿದ್ದಿತೋ, ಅಪ್ಪ ಹೇಳಿದ್ದರೋ, ಆ ಕಿತ್ತ ಉಗುರಿಗೆ ಅರಿಶಿನ ಕಟ್ಟುವಾಗ ತಾನೇ ಊಹಿಸಿದಳೋ, ಕೇಳಲು ಈಗ ಅವಳೂ ಇಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿ ಟ್ರಂಕಿನ ತಳದಲ್ಲಿಟ್ಟಳು.

ಮೊನ್ನೆ ಹುಡುಗಿ ಅದೇ ಗುಂಡಿಯನ್ನು ಬಿಡಿಸಲು ಹೋಗಿ ಉಗುರು ಮುರಿದುಕೊಂಡಳು. ಹೊಲಿಗೆ ಯಂತ್ರದ ಎಣ್ಣೆ ಎಲ್ಲಿದೆಯೆಂದು ಕೇಳಿದಳು. ಡಬ್ಬಿ ಕಪಾಟಿನಲ್ಲಿಯೇ ಇದ್ದಿತು. ನಾನು ಮುಗಿದಿದೆಯೆಂದೆ.